ನಕ್ಷೆಯ ಬಣ್ಣವಲ್ಲ, ಬಣ್ಣ ಬದಲಾಗುವ ಗಂಟೆ ನೋಡಿ

ಓದುಗರ ಪ್ರಶ್ನೆ: ನಾವು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಡೆ ಎರಡು ಕೋಣೆಗಳ ಸ್ವಂತ ಮನೆಯಲ್ಲಿದ್ದೇವೆ. ಮಾವನವರಿಗೆ 68 ವರ್ಷ. ಮೂವತ್ತು ವರ್ಷ ಟವೆಲ್ ಕಾರ್ಖಾನೆಯಲ್ಲಿ ಮಗ್ಗ ನಡೆಸಿದವರು. ಈಗ ನಾಲ್ಕು ವರ್ಷಗಳಿಂದ ದಮ್ಮು. ದೀಪಾವಳಿ ಕಳೆದ ಮೇಲೆ ಹೆಚ್ಚುತ್ತದೆ. ಮಗನಿಗೆ 9 ವರ್ಷ, ಬೆಳಿಗ್ಗೆ 6 ಗಂಟೆಗೆ ಮೈದಾನಕ್ಕೆ ಓಡಲು ಹೋಗುತ್ತಾನೆ. ನನ್ನ ಮೊಬೈಲಿನಲ್ಲಿ ಗಾಳಿಯ ನಕ್ಷೆ ತೋರಿಸುವ ಎರಡು ಆ್ಯಪ್‌ಗಳಿವೆ. ಒಂದೇ ದಿನ ಒಂದರಲ್ಲಿ 98 ಎಂದು ಹಸಿರು, ಇನ್ನೊಂದರಲ್ಲಿ 153 ಎಂದು ಕೆಂಪು. ಮಧ್ಯಾಹ್ನ ಬಣ್ಣ ತಿಳಿಯಾಗುತ್ತದೆ, ರಾತ್ರಿ ಮತ್ತೆ ಗಾಢವಾಗುತ್ತದೆ. ನೆರೆಹೊರೆಯವರೆಲ್ಲ ಇದು ವಿದ್ಯುತ್ ಸ್ಥಾವರದ ಹೊಗೆ ಎನ್ನುತ್ತಾರೆ. ಅಕ್ಕಲಕೋಟದ ಆಚೆ ಇರುವ ನಮ್ಮ ಊರು ನಕ್ಷೆಯಲ್ಲಿ ಹಸಿರಾಗಿ ಕಾಣುತ್ತದೆ. ಮನೆ ಮಾರಿ ಅಲ್ಲಿಗೆ ಹೋಗೋಣವೆಂದು ಯಜಮಾನರು ಹೇಳುತ್ತಿದ್ದಾರೆ. ಇಲ್ಲವೇ ಗಾಳಿ ಶುದ್ಧ ಮಾಡುವ ಯಂತ್ರ ಕೊಳ್ಳಬೇಕೆ? ಯಾವುದನ್ನು ನಂಬಬೇಕು?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಎರಡು ಆ್ಯಪ್‌ಗಳಲ್ಲಿ ಯಾವುದು ನಿಜ, ಹೊಗೆ ಎಲ್ಲಿಂದ ಬರುತ್ತದೆ, ಮಾವನವರನ್ನೂ ಮಗುವನ್ನೂ ಹೇಗೆ ಕಾಪಾಡುವುದು. ಇವುಗಳಲ್ಲಿ ಮೊದಲನೆಯದು ಸುಲಭ. ಎರಡನೆಯದರ ಸುಳಿವನ್ನು, ನಿಮಗೆ ಗೊತ್ತಿಲ್ಲದೆಯೇ, ಪತ್ರದಲ್ಲಿ ನೀವೇ ಬರೆದಿದ್ದೀರಿ: ಮಧ್ಯಾಹ್ನ ತಿಳಿ, ರಾತ್ರಿ ಗಾಢ. ಅದನ್ನು ಮುಂದೆ ವಿವರವಾಗಿ ಬಿಡಿಸುತ್ತೇನೆ.

ಎರಡು ಆ್ಯಪ್‌ಗಳೂ ಸುಳ್ಳು ಹೇಳುತ್ತಿಲ್ಲ. ಗಾಳಿಯಲ್ಲಿ ಒಂದು ಘನ ಮೀಟರಿಗೆ 59 ಮೈಕ್ರೋಗ್ರಾಂ ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣ, ಇದೆ ಎಂದುಕೊಳ್ಳಿ. 2015ರಲ್ಲಿ ಜಾರಿಗೆ ಬಂದ ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದ ಪ್ರಕಾರ ಅದು 98 ಆಗುತ್ತದೆ, 'ಸಮಾಧಾನಕರ' ಎಂಬ ವರ್ಗಕ್ಕೆ ಸೇರುತ್ತದೆ. ಅಮೆರಿಕದ ಸೂಚ್ಯಂಕದಲ್ಲಿ ಅದೇ 59 ಮೈಕ್ರೋಗ್ರಾಂ 153 ಆಗಿ 'ಅನಾರೋಗ್ಯಕರ' ಎಂದು ಕೆಂಪಾಗುತ್ತದೆ. ಗಾಳಿ ಒಂದೇ, ಅಳೆಯುವ ಸೇರು ಬೇರೆ. ಆದುದರಿಂದ ಸೂಚ್ಯಂಕವನ್ನು ಬದಿಗಿಟ್ಟು, ಪಿಎಂ 2.5 ಎಷ್ಟು ಮೈಕ್ರೋಗ್ರಾಂ, ಪಿಎಂ 10 (10 ಮೈಕ್ರಾನಿನವರೆಗಿನ ಕಣ) ಎಷ್ಟು ಮೈಕ್ರೋಗ್ರಾಂ ಎಂಬ ಎರಡು ಅಂಕಿಗಳನ್ನು ಆ್ಯಪ್‌ನಲ್ಲಿ ಹುಡುಕಿ. ನಮ್ಮ ರಾಷ್ಟ್ರೀಯ ಮಾನದಂಡ 24 ಗಂಟೆಗಳ ಸರಾಸರಿಯಲ್ಲಿ ಪಿಎಂ 2.5ಕ್ಕೆ 60, ಪಿಎಂ 10ಕ್ಕೆ 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15 ಮತ್ತು 45. 'ಸಮಾಧಾನಕರ' ಎಂಬ ಪದ ದಮ್ಮು ಇರುವವರಿಗೆ ಹೇಳಿದ್ದಲ್ಲ ಎಂಬುದು ಈ ಅಂತರದಿಂದಲೇ ತಿಳಿಯುತ್ತದೆ.

ಇನ್ನೊಂದು ವಿಷಯವಿದೆ. ಸರ್ಕಾರಿ ಸೂಚ್ಯಂಕದಲ್ಲಿ ಕಣಗಳ ಲೆಕ್ಕ ಕಳೆದ 24 ಗಂಟೆಗಳ ಸರಾಸರಿ. ಖಾಸಗಿ ಆ್ಯಪ್‌ಗಳು ಹಲವು ಸಲ ಕೊನೆಯ ಒಂದೆರಡು ಗಂಟೆಗಳನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಹೀಗಾಗಿ ರಾತ್ರಿ 10 ಗಂಟೆಗೆ ಪಕ್ಕದ ಓಣಿಯಲ್ಲಿ ಕಸ ಸುಟ್ಟರೆ ಒಂದು ಆ್ಯಪ್ ಕೂಡಲೇ ಕೆಂಪಾಗುತ್ತದೆ, ಇನ್ನೊಂದು ಅಲುಗಾಡುವುದೇ ಇಲ್ಲ.

ಈಗ ನಕ್ಷೆಯ ವಿಷಯ. ಇಡೀ ನಗರದ ಮೇಲೆ ಹರಡಿದ ಆ ಬಣ್ಣವನ್ನು ನೋಡಿದರೆ ಪ್ರತಿ ಓಣಿಯಲ್ಲೂ ಯಾರೋ ನಿಂತು ಅಳೆದಂತೆ ತೋರುತ್ತದೆ. ಹಾಗಿಲ್ಲ. ಸೊಲ್ಲಾಪುರದಂತಹ ನಗರದಲ್ಲಿ ನಂಬಬಹುದಾದ ಮಾಪನ ಕೇಂದ್ರಗಳು ಬೆರಳೆಣಿಕೆಯಷ್ಟೇ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಕೇಂದ್ರದ ಅಂಕಿಗಳು ಕೇಂದ್ರೀಯ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಸಿಗುತ್ತವೆ. ಇವುಗಳ ನಡುವಿನ ಜಾಗವನ್ನು ಗಣಕಯಂತ್ರ ಅಂದಾಜಿನಿಂದ ತುಂಬುತ್ತದೆ. ಉಪಗ್ರಹದ ಚಿತ್ರಗಳನ್ನೂ ಅದಕ್ಕೆ ಬಳಸುತ್ತಾರೆ. ಆದರೆ ಅವು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬವನ್ನು ನೋಡುತ್ತವೆ, ನಿಮ್ಮ ಮೂಗಿನ ಎತ್ತರದ ಗಾಳಿಯನ್ನಲ್ಲ. ಬಿಸಿಲಿರುವಾಗ ಮಾತ್ರ ನೋಡುತ್ತವೆ, ಮೋಡವಿದ್ದರೆ ಅದೂ ಇಲ್ಲ. ನಿಮ್ಮ ಊರು ಹಸಿರಾಗಿ ಕಾಣುವುದಕ್ಕೆ ಇದೇ ಕಾರಣವಾಗಿರುವ ಸಾಧ್ಯತೆ ಬಹಳ. ಅಲ್ಲಿ ಅಳೆಯುವವರಿಲ್ಲ. ಅಳತೆ ಇಲ್ಲದ ಜಾಗದ ಹಸಿರು ಶುದ್ಧ ಗಾಳಿಗೆ ಸಾಕ್ಷಿಯಲ್ಲ. ಕೆಲವು ಆ್ಯಪ್‌ಗಳು ಖಾಸಗಿಯವರು ಮನೆ, ಅಂಗಡಿಗಳ ಮೇಲೆ ಕೂರಿಸಿದ ಅಗ್ಗದ ಸೆನ್ಸರ್‌ಗಳನ್ನೂ ಸೇರಿಸಿಕೊಳ್ಳುತ್ತವೆ. ಅವು ಬೆಳಕು ಚದರುವುದನ್ನು ನೋಡಿ ಕಣ ಎಣಿಸುವಂಥವು. ಗಾಳಿಯಲ್ಲಿ ತೇವ ಹೆಚ್ಚಾದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಸೆನ್ಸರ್ ಅದನ್ನು ಹೆಚ್ಚು ಮಾಲಿನ್ಯವೆಂದು ಓದುತ್ತದೆ. ಮಂಜು ಬಿದ್ದ ಬೆಳಗಿನ ಕೆಂಪು ಬಣ್ಣವನ್ನು ಈ ಕಾರಣಕ್ಕೆ ಸ್ವಲ್ಪ ಅನುಮಾನದಿಂದ ನೋಡಬೇಕು.

ಹಾಗಾದರೆ ನಕ್ಷೆ ನಿರುಪಯುಕ್ತವೆ? ಖಂಡಿತ ಅಲ್ಲ. ಸ್ಥಳದ ವಿಷಯದಲ್ಲಿ ಅದು ಒರಟಾದರೂ ಸಮಯದ ವಿಷಯದಲ್ಲಿ ಬಹಳ ಉಪಯುಕ್ತ. ದಿನದ ಯಾವ ಗಂಟೆಯಲ್ಲಿ ಅಂಕಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬ ಗೆರೆಯನ್ನು ನೋಡಿದರೆ ಹೊಗೆಯ ಮೂಲವನ್ನು ಬಹುಮಟ್ಟಿಗೆ ಗುರುತಿಸಬಹುದು.

ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಸ್ವಯಂಚಾಲಿತ ಯಂತ್ರಗಳಿಗಿಂತ ಮುಂಚಿನ ಪದ್ಧತಿಯಲ್ಲಿ ನಾವು ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಗಾಳಿ ಅಳೆಯುತ್ತಿದ್ದೆವು. ಆ ಪದ್ಧತಿ ಇಂದಿಗೂ ಇದೆ. ಕಟ್ಟಡದ ಮಾಳಿಗೆಯ ಮೇಲೆ ಒಂದು ಯಂತ್ರ, ಅದರೊಳಗೆ ಬಿಳಿಯ ಗಾಜುನಾರಿನ ಹಾಳೆ. ನಿಮಿಷಕ್ಕೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು ಗಾಳಿ ಆ ಹಾಳೆಯ ಮೂಲಕ ಹಾದುಹೋಗುತ್ತದೆ. 8 ಗಂಟೆಗೊಮ್ಮೆ ಹಾಳೆ ಬದಲಿಸಬೇಕು, ಆದುದರಿಂದ ಒಂದು ದಿನಕ್ಕೆ ಮೂರು ಹಾಳೆಗಳು. ತೂಗುವ ಮೊದಲು ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡುವುದು ನನ್ನ ಅಭ್ಯಾಸವಾಗಿತ್ತು. ಮೇ ತಿಂಗಳ ಹಗಲಿನ ಹಾಳೆ ಜೋಳದ ರೊಟ್ಟಿಯ ಬೆಂದ ಮಗ್ಗುಲಿನಂತೆ ಕಂದು. ಬೆರಳಿಗೆ ತಾಗಿದರೆ ತರಿತರಿಯಾಗಿರುತ್ತಿತ್ತು. ಡಿಸೆಂಬರಿನ ರಾತ್ರಿಯ ಹಾಳೆ ಹಂಚಿನ ಕೆಳಗಿನ ಮಸಿಯಂತೆ ಕಪ್ಪು, ಸವರಿದರೆ ಜಿಡ್ಡು. ಎರಡೂ ಹಾಳೆಗಳ ತೂಕ ಹೆಚ್ಚುಕಡಿಮೆ ಒಂದೇ ಬಂದ ದಿನಗಳಿವೆ. ತೂಕದ ಪಟ್ಟಿಯಲ್ಲಿ ಅವೆರಡು ಒಂದೇ ಅಂಕಿಯಾದವು, ಶ್ವಾಸಕೋಶದಲ್ಲಿ ಎಂದೂ ಒಂದೇ ಆಗಲಾರವು. ಕಂದು ದೂಳಿನ ಬಹುಭಾಗ ಮೂಗು, ಗಂಟಲಲ್ಲಿ ತಡೆದುಕೊಳ್ಳುತ್ತದೆ. ಕಪ್ಪು ಮಸಿಯ ಕಣ ಆಳಕ್ಕೆ ಇಳಿಯುತ್ತದೆ.

ಅದೇ ಪರೀಕ್ಷೆಯನ್ನು ನೀವು ಮೊಬೈಲಿನಲ್ಲೇ ಮಾಡಬಹುದು. ಪಿಎಂ 10 ಎಂಬುದರಲ್ಲಿ ದಪ್ಪ ಕಣ, ಸಣ್ಣ ಕಣ ಎರಡೂ ಸೇರಿರುತ್ತವೆ, ಪಿಎಂ 2.5 ಎಂದರೆ ಅದರೊಳಗಿನ ಸಣ್ಣವು ಮಾತ್ರ. ಸಣ್ಣವುಗಳ ಪಾಲು ಹತ್ತರಲ್ಲಿ ನಾಲ್ಕಕ್ಕಿಂತ ಕಡಿಮೆಯಿದ್ದರೆ ಮುಖ್ಯವಾಗಿ ಮಣ್ಣಿನ ದೂಳು ಎದ್ದಿದೆ ಎಂದು ತಿಳಿಯಬಹುದು. ಹತ್ತರಲ್ಲಿ ಆರಕ್ಕಿಂತ ಹೆಚ್ಚಿದ್ದರೆ ಏನೋ ಉರಿಯುತ್ತಿದೆ. ಇದು ಸ್ಥೂಲ ಲೆಕ್ಕ, ಆದರೂ ಕೆಲಸಕ್ಕೆ ಬರುತ್ತದೆ. ಪಿಎಂ 10 ಒಂದರಿಂದಲೇ ಸೂಚ್ಯಂಕ 150 ಆಗಬೇಕಾದರೆ 175 ಮೈಕ್ರೋಗ್ರಾಂ ಬೇಕು, ಪಿಎಂ 2.5 ಆದರೆ 75 ಮೈಕ್ರೋಗ್ರಾಂ ಸಾಕು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಬೀಳುತ್ತದೆ.

ಇನ್ನು ವಿದ್ಯುತ್ ಸ್ಥಾವರದ ಮಾತಿಗೆ ಬರುತ್ತೇನೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಉಷ್ಣ ವಿದ್ಯುತ್ ಸ್ಥಾವರ ಚಿಕ್ಕದಲ್ಲ. 660 ಮೆಗಾವ್ಯಾಟ್‌ನ 2 ಘಟಕಗಳು ಅಲ್ಲಿವೆ. ಕಲ್ಲಿದ್ದಲು ಸುಡುವ ಯಾವ ಸ್ಥಾವರವೂ ನಿರ್ದೋಷಿಯಲ್ಲ. ಆದರೆ ನೀವು ಬರೆದ ಹೊತ್ತುಗಳು ಅದರ ಸಹಿಯನ್ನು ಹೋಲುವುದಿಲ್ಲ. ಕಾರಣ ಹೀಗಿದೆ. ಚಳಿಗಾಲದಲ್ಲಿ ಮೋಡವಿಲ್ಲದ ರಾತ್ರಿ ನಮ್ಮ ಬಯಲಿನ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲಿನ ಪದರ ಬೆಚ್ಚಗೆ ಉಳಿಯುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದಂತೆ ಆಗುವುದರಿಂದ ಕೆಳಗೆ ಹುಟ್ಟಿದ ಹೊಗೆ ಕೆಳಗೇ ನಿಲ್ಲುತ್ತದೆ. ಇಂತಹ ದೊಡ್ಡ ಸ್ಥಾವರದ ಚಿಮಣಿ 200 ಮೀಟರಿಗಿಂತ ಎತ್ತರವಿರುತ್ತದೆ, ಅದರ ಬಿಸಿ ಹೊಗೆ ಇನ್ನೂ ಮೇಲೇರುತ್ತದೆ. ಹೀಗಾಗಿ ರಾತ್ರಿಯ ಹೊತ್ತು ಅದು ಬಹುತೇಕ ಮುಚ್ಚಳದ ಮೇಲೆಯೇ ತೇಲುತ್ತಾ ದೂರ ಹೋಗುತ್ತದೆ. ಬಿಸಿಲೇರಿ ನೆಲ ಕಾದು ಗಾಳಿ ಕಲಕತೊಡಗಿದ ಮೇಲೆ, ಬೆಳಿಗ್ಗೆ 9ರಿಂದ 11ರ ಸುಮಾರಿಗೆ, ಅದು ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ, ಗಾಳಿ ಸ್ಥಾವರದ ದಿಕ್ಕಿನಿಂದ ಬೀಸುತ್ತಿದ್ದು, ಗಂಧಕದ ಡೈಆಕ್ಸೈಡ್ ಅಂಕಿ ಏರಿದರೆ ಸ್ಥಾವರದ ಕಡೆ ಬೆರಳು ತೋರಿಸುವುದು ನ್ಯಾಯ. ಸಂಜೆ 7ಕ್ಕೆ ಏರಿ, ನಡುರಾತ್ರಿ ಸ್ವಲ್ಪ ತಗ್ಗಿ, ಬೆಳಗಿನ 6ರಿಂದ 9ರವರೆಗೆ ಮತ್ತೆ ಏರುವ ಗೆರೆ ನೆಲಮಟ್ಟದ ಬೆಂಕಿ ಮತ್ತು ವಾಹನಗಳ ಸಹಿ.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ಸ್ಥಾವರದ ಗಂಧಕದ ಅನಿಲ ಗಾಳಿಯಲ್ಲಿ ದಿನಗಟ್ಟಲೆ ಸಾಗುತ್ತಾ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ, ನೂರಾರು ಕಿಲೋಮೀಟರ್ ದೂರದವರೆಗೂ ತಲುಪುತ್ತದೆ. ಆದ್ದರಿಂದ ದಿನವಿಡೀ ಇರುವ ತಳಮಟ್ಟದ ಮಾಲಿನ್ಯದಲ್ಲಿ ಅದರ ಪಾಲಿದೆ. ನಿಮ್ಮ ಮಾವನವರಿಗೆ ರಾತ್ರಿ ಹೊತ್ತು ಉಸಿರು ಕಟ್ಟುತ್ತಿದ್ದರೆ ಮಾತ್ರ ಅದಕ್ಕೆ ಕಾರಣ ಹತ್ತಿರದಲ್ಲೇ ಇರುವ ಸಂಭವ ಹೆಚ್ಚು. ದೂರದ ಚಿಮಣಿಯೊಂದನ್ನು ಬೈದು ಸುಮ್ಮನಾದರೆ ಪಕ್ಕದ ಬೆಂಕಿ ಆರುವುದಿಲ್ಲ ಎಂಬುದೇ ನನ್ನ ಕಳವಳ.

ಹತ್ತಿರದ ಬೆಂಕಿ ಯಾವುವು? ಮುಂಜಾನೆ ನಮ್ಮ ಹಳೆಯ ಪೇಟೆಗಳಲ್ಲಿ ನಡೆದಾಡಿದವರಿಗೆ ಗೊತ್ತು: ಸ್ನಾನದ ನೀರಿಗೆ ಉರಿಸುವ ಬಂಬಗಳಲ್ಲಿ ಕಟ್ಟಿಗೆಯ ಜೊತೆಗೆ ಬಟ್ಟೆಯ ಚಿಂದಿ, ಪ್ಲಾಸ್ಟಿಕ್ ಚೀಲಗಳೂ ಸೇರುತ್ತವೆ. ಚಿಂದಿಯಲ್ಲಿ ಪಾಲಿಯೆಸ್ಟರ್ ಇದ್ದರೆ ಅದು ಪ್ಲಾಸ್ಟಿಕ್ ಸುಟ್ಟಂತೆಯೇ. ರಾತ್ರಿ ಕಸದ ರಾಶಿಗೆ ಬೆಂಕಿ, ಚಳಿ ಕಾಯಿಸಲು ಟೈರಿನ ತುಂಡು. ಔದ್ಯೋಗಿಕ ವಸಾಹತುಗಳಲ್ಲಿ ಸಣ್ಣ ಬಾಯ್ಲರುಗಳಿವೆ. ಅವುಗಳ ಚಿಮಣಿ ಗಿಡ್ಡ, ಹೊಗೆ ಮುಚ್ಚಳದ ಕೆಳಗೇ ಉಳಿಯುತ್ತದೆ. ಪುಣೆ, ಹೈದರಾಬಾದ್, ವಿಜಯಪುರದ ಕಡೆಯ ಹೆದ್ದಾರಿಗಳು ಇಲ್ಲಿ ಕೂಡುವುದರಿಂದ ರಾತ್ರಿ ಲಾರಿಗಳ ಡೀಸೆಲ್ ಹೊಗೆ. ದೀಪಾವಳಿಯ ಹೊತ್ತಿಗೆ ಶುರುವಾಗುವ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳು ಸಿಪ್ಪೆ ಉರಿಸುತ್ತವೆ, ಹೊಲಗಳಲ್ಲಿ ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡುತ್ತಾರೆ, ಟ್ರ್ಯಾಕ್ಟರುಗಳು ಎರೆಮಣ್ಣಿನ ದೂಳನ್ನು ರಸ್ತೆಗೆ ತಂದು ಕೆಡವುತ್ತವೆ. ಮಾವನವರ ದಮ್ಮು ದೀಪಾವಳಿಯ ನಂತರ ಹೆಚ್ಚುವುದು ಪಟಾಕಿಯೊಂದರಿಂದಲ್ಲ. ಪಟಾಕಿಯ ಹೊಗೆ ಎರಡು ಮೂರು ದಿನಗಳ ಮಾತು, ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿಯ ಹಾಗೆ. ಮಳೆ ನಿಂತು, ಚಳಿ ಬಂದು, ಮುಚ್ಚಳ ಬಿದ್ದು, ಹಂಗಾಮು ಶುರುವಾಗುವುದು ಒಂದೇ ಕಾಲಕ್ಕೆ ಕೂಡಿಬರುತ್ತದೆ.

ಸೊಲ್ಲಾಪುರ 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ದೆಹಲಿಯಷ್ಟು ಕೆಟ್ಟಿದೆ ಎಂದು ಅರ್ಥವಲ್ಲ; ಮಾನದಂಡವನ್ನು ಸತತವಾಗಿ ಮೀರಿದ ನಗರಗಳನ್ನು ಅದಕ್ಕೆ ಸೇರಿಸಿದ್ದಾರೆ. ಆ ಕಾರ್ಯಕ್ರಮ ಪ್ರಗತಿಯನ್ನು ಅಳೆಯುವುದು ಮುಖ್ಯವಾಗಿ ಪಿಎಂ 10ರಿಂದ. ಹಾಗಾಗಿ ರಸ್ತೆ ಗುಡಿಸುವುದಕ್ಕೂ ನೀರು ಸಿಂಪಡಿಸುವುದಕ್ಕೂ ಹಣ ಹೆಚ್ಚು ಹೋಗುತ್ತದೆ. ಅದು ಬೇಡವೆನ್ನುವುದಿಲ್ಲ, ಆದರೆ ಕಪ್ಪು ಹಾಳೆಯ ಕಡೆಗೆ ಅಷ್ಟೇ ಗಮನ ಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮಾವನವರ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದೊಂದು ನಿಮ್ಮ ಪತ್ರದಲ್ಲಿದೆ: ಮೂವತ್ತು ವರ್ಷ ಮಗ್ಗ. ಹತ್ತಿಯ ನವಿರು ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಹಳೆಯ ಲಕ್ಷಣ. ಕೆಲಸದಲ್ಲಿದ್ದಾಗ ಹಾಗಾಗುತ್ತಿತ್ತೇ ಎಂದು ಅವರನ್ನೇ ಕೇಳಿ. ಹೌದೆಂದರೆ ವೈದ್ಯರಿಗೆ ಅದನ್ನು ತಪ್ಪದೆ ಹೇಳಿ, ಉಸಿರನ್ನು ಊದಿಸಿ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಆಗಿಲ್ಲವಾದರೆ ಮಾಡಿಸಿ. ಮಗ್ಗ ಬಿಟ್ಟ ನಂತರವೂ ಆ ಹಾನಿ ಉಳಿದಿರಬಹುದು. ಅಂತಹ ಶ್ವಾಸಕೋಶಕ್ಕೆ ಹೊರಗಿನ ಗಾಳಿಯ ಸಣ್ಣ ಏರಿಳಿತವೂ ದೊಡ್ಡದಾಗುತ್ತದೆ. ಬೀಡಿ, ತಂಬಾಕಿನ ಅಭ್ಯಾಸವಿದ್ದರೆ ಅದು ಎಲ್ಲಕ್ಕಿಂತ ಮೊದಲು ನಿಲ್ಲಬೇಕು. ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತೀರಾ? ಮುಚ್ಚಿದ ಕೋಣೆಯಲ್ಲಿ ಒಂದು ಬತ್ತಿ ಉಗುಳುವ ಸೂಕ್ಷ್ಮ ಕಣ ಹತ್ತಾರು ಸಿಗರೇಟುಗಳಿಗೆ ಸಮ. ಸೊಳ್ಳೆಪರದೆ ಕಟ್ಟಿ.

ಮನೆ ಮಾರುವ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಪರೀಕ್ಷಿಸದೆ ಮಾರಬೇಡಿ. ಕಬ್ಬಿನ ಹೊಲಗಳ ನಡುವಿನ ಊರಿನಲ್ಲಿ ರವದಿಯ ಹೊಗೆ, ಕಟ್ಟಿಗೆ ಒಲೆ, ಕಚ್ಚಾ ರಸ್ತೆಯ ದೂಳು ಇರುತ್ತವೆ. ರಾತ್ರಿ ದಮ್ಮು ಹೆಚ್ಚಾದರೆ ಆಸ್ಪತ್ರೆ ಎಷ್ಟು ದೂರ ಎಂಬುದನ್ನೂ ಯೋಚಿಸಬೇಕು. ಔಷಧದ ಅಂಗಡಿಯಲ್ಲಿ, ಉಸಿರನ್ನು ಎಷ್ಟು ಜೋರಾಗಿ ಊದಬಲ್ಲರೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಡಿಸೆಂಬರ್ ಅಥವಾ ಜನವರಿಯಲ್ಲಿ, ವೈದ್ಯರಿಗೆ ತಿಳಿಸಿ, ಮಾವನವರನ್ನು ಮೂರು ವಾರ ಊರಿಗೆ ಕಳಿಸಿ. ಹೋಗುವ ಮುಂಚೆ ಎರಡು ವಾರ ಇಲ್ಲಿ, ಆಮೇಲೆ ಅಲ್ಲಿ, ಬೆಳಿಗ್ಗೆ ಮತ್ತು ಸಂಜೆ ಮೂರು ಸಲ ಊದಿಸಿ ಅತಿ ಹೆಚ್ಚಿನ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಊರಿನಲ್ಲಿ ಅಂಕಿ ಸ್ಪಷ್ಟವಾಗಿ ಏರಿ ಹಾಗೆಯೇ ನಿಂತರೆ ಚಳಿಗಾಲದ ಮೂರು ತಿಂಗಳು ಅವರು ಅಲ್ಲಿರುವುದನ್ನು ಯೋಚಿಸಬಹುದು. ಆಗಲೂ ಮನೆ ಮಾರಬೇಕಾಗಿಲ್ಲ. ಈ ಅವಧಿಯಲ್ಲಿ ಇನ್ಹೇಲರನ್ನು ಮಾತ್ರ ಒಂದು ದಿನವೂ ಬಿಡಬಾರದು. ಗಾಳಿ ಚೆನ್ನಾಗಿದೆ ಎಂದು ಔಷಧ ನಿಲ್ಲಿಸಿ ತೊಂದರೆಗೆ ಸಿಕ್ಕವರನ್ನು ನಾನು ಕಂಡಿದ್ದೇನೆ.

ಗಾಳಿ ಶುದ್ಧ ಮಾಡುವ ಯಂತ್ರ ಮುಚ್ಚಿದ ಕೋಣೆಯಲ್ಲಿ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಎರಡು ಷರತ್ತು. ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರಬೇಕು, ಅದನ್ನು ಕಾಲಕಾಲಕ್ಕೆ ಬದಲಿಸುವ ಖರ್ಚಿಗೆ ನೀವು ಸಿದ್ಧವಿರಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 30 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಅದು ಶುದ್ಧವಾಗಬೇಕಾದರೆ ಯಂತ್ರದ ಮೇಲೆ ಬರೆದ ಸಾಮರ್ಥ್ಯ ಗಂಟೆಗೆ 150 ಘನ ಮೀಟರಾದರೂ ಇರಬೇಕು. ಛಾವಣಿ ತಗಡಿನದಾಗಿ ಗೋಡೆಗೂ ಅದಕ್ಕೂ ನಡುವೆ ಸಂದು ಇದ್ದರೆ ಹಣ ನೀರಿಗೆ ಹೋದಂತೆ. ಮೊದಲು ಸಂದು ಮುಚ್ಚಿಸಿ. ಓಝೋನ್ ಬಿಡುವ ಯಂತ್ರಗಳನ್ನು ದಮ್ಮು ಇರುವ ಮನೆಗೆ ತರಲೇಬೇಡಿ, ಓಝೋನ್ ಶ್ವಾಸನಾಳವನ್ನು ಕೆರಳಿಸುತ್ತದೆ. ಕೊಂಡರೆ ಮಾವನವರು ಮಲಗುವ ಕೋಣೆಗೆ ಮಾತ್ರ ಸಾಕು.

ಯಂತ್ರಕ್ಕಿಂತ ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಚಳಿಗಾಲದಲ್ಲಿ ಕಿಟಕಿಗಳನ್ನು ಮಧ್ಯಾಹ್ನ 12ರಿಂದ 4ರವರೆಗೆ ತೆರೆದಿಡಿ. ಆಮೇಲೆ ಮುಚ್ಚಿ, ಬೆಳಿಗ್ಗೆ ಬಿಸಿಲೇರುವವರೆಗೆ ತೆರೆಯಬೇಡಿ. ಅಡುಗೆ ಮಾಡುವಾಗ ಮಾತ್ರ ಅಡುಗೆಮನೆಯ ಕಿಟಕಿ ತೆರೆದು, ನಡುವಿನ ಬಾಗಿಲು ಹಾಕಿಕೊಳ್ಳಿ. ಮುಂಜಾನೆಯ ಗಾಳಿ ಶುದ್ಧ ಎಂಬ ನಂಬಿಕೆ ಚಳಿಗಾಲದ ನಗರಕ್ಕೆ ಹೊಂದುವುದಿಲ್ಲ, ಅದು ದಿನದ ಕೆಟ್ಟ ಹೊತ್ತುಗಳಲ್ಲೊಂದು. ಕರವಸ್ತ್ರ, ಬಟ್ಟೆಯ ಮಾಸ್ಕ್ ಸೂಕ್ಷ್ಮ ಕಣವನ್ನು ತಡೆಯುವುದಿಲ್ಲ. ಎನ್ 95 ತಡೆಯುತ್ತದೆ, ಅದು ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ದಮ್ಮು ಇರುವವರಿಗೆ ಅದರಲ್ಲಿ ಉಸಿರಾಡುವುದು ಕಷ್ಟವಾಗಬಹುದು, ವೈದ್ಯರನ್ನು ಕೇಳಿಯೇ ಹಾಕಿಸಿ.

ಓಣಿಯಲ್ಲಿ ಕಸ ಸುಡುವುದರ ಬಗ್ಗೆ ದೂರು ಕೊಡಲು ಸಂಕೋಚ ಬೇಡ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಸಾಮಾನ್ಯ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಹೇಳಿದೆ. ಮಹಾನಗರಪಾಲಿಕೆಗೆ ದೂರು ಕೊಡುವಾಗ ಫೋಟೊದ ಜೊತೆ ದಿನಾಂಕ, ಗಂಟೆ, ಜಾಗ ಬರೆಯಿರಿ. ಅದೇ ಗಂಟೆಯ ಪಿಎಂ 2.5 ಅಂಕಿಯನ್ನೂ ಸೇರಿಸಿದರೆ ದೂರಿಗೆ ತೂಕ ಬರುತ್ತದೆ. ಬಂಬದಲ್ಲಿ ಚಿಂದಿ ಉರಿಸುವ ನೆರೆಮನೆಯವರ ವಿಷಯ ಬೇರೆ. ಅವರಿಗೆ ಅದು ಬಡತನದ ಉರುವಲು. ಅಲ್ಲಿ ದಂಡದ ಮಾತಿಗಿಂತ, ಮಾವನವರ ಸ್ಥಿತಿಯನ್ನು ಹೇಳಿ ಪ್ಲಾಸ್ಟಿಕ್ ಮತ್ತು ಪಾಲಿಯೆಸ್ಟರ್ ಬಿಟ್ಟು ಬರೀ ಕಟ್ಟಿಗೆ ಹಾಕಲು ಕೇಳಿಕೊಳ್ಳುವುದು ಹೆಚ್ಚು ಫಲ ಕೊಟ್ಟದ್ದನ್ನು ನೋಡಿದ್ದೇನೆ.

ಮಗನ ಓಟವನ್ನು ನಿಲ್ಲಿಸಬೇಡಿ. ಓಡುವಾಗ ಮಗು ಸುಮ್ಮನೆ ಕೂತಾಗಿನ ಹಲವು ಪಟ್ಟು ಗಾಳಿ ಎಳೆದುಕೊಳ್ಳುತ್ತದೆ, ಆದುದರಿಂದ ಹೊತ್ತನ್ನು ಮಾತ್ರ ಬದಲಿಸಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಬೆಳಿಗ್ಗೆ 6ರ ಬದಲು ಶಾಲೆ ಬಿಟ್ಟ ಮೇಲೆ 4ರಿಂದ 5ರವರೆಗೆ ಓಡಲಿ, ಹೆದ್ದಾರಿಯಿಂದ ದೂರದ ಮೈದಾನದಲ್ಲಿ. ಮಾರ್ಚ್ ಬಂದು ಬಿಸಿಲು ಹೆಚ್ಚಿ, ಮುಂಜಾನೆಯ ಗೆರೆ ತಗ್ಗಿದ್ದನ್ನು ಆ್ಯಪ್‌ನಲ್ಲಿ ಒಂದು ವಾರ ನೋಡಿಕೊಂಡು, ಮತ್ತೆ ಬೆಳಿಗ್ಗೆಯೇ ಕಳಿಸಿ.